ಕಹಿಯ ಕೊನೆ ನೋಡಬೇಕು

ಒಂದೇ ಕಂಪನಿಯ, ಒಂದೇ ಹೆಸರಿನ ಎರಡು ಬಾಟಲಿ ಇಂಡಿಯಾ ಪೇಲ್ ಏಲ್. ಒಂದು ಹಿಂದಿನ ವಾರ ತಂದು ಫ್ರಿಜ್ಜಿನಲ್ಲಿಟ್ಟದ್ದು. ಇನ್ನೊಂದು ಯಾರೋ ಉಡುಗೊರೆ ಕೊಟ್ಟದ್ದು, ಅಡುಗೆಮನೆಯ ಅಟ್ಟದ ಮೇಲೆ ಒಂದು ಬೇಸಿಗೆ ಪೂರ್ತಿ ಕಳೆದದ್ದು. ಒಂದು ಭಾನುವಾರ ಎರಡನ್ನೂ ಸಮನಾಗಿ ತಣ್ಣಗೆ ಮಾಡಿ ಎರಡು ಗ್ಲಾಸಿಗೆ ಬಗ್ಗಿಸಿದೆ. ಯಾವುದು ಯಾವುದೆಂದು ಹೇಳದೆ ಹೆಂಡತಿಯ ಮುಂದೆ ಇಟ್ಟೆ. ಅವಳು ಬಿಯರ್ ಕುಡಿಯುವವಳಲ್ಲ. ಆದರೆ ಹಾಲು ಒಡೆಯುವ ಮುಂಚೆಯೇ ವಾಸನೆಯಿಂದ ಹೇಳಬಲ್ಲ ಮೂಗು ಅವಳದು. ಮೊದಲ ಗ್ಲಾಸು ಮೂಸಿ, ‘ಚಕ್ಕೋತ ಸುಲಿದ ಹಾಗಿದೆ’ ಅಂದಳು. ಎರಡನೆಯದನ್ನು ಮೂಸಿದವಳೇ ಮುಖ ಹಿಂದಕ್ಕೆ ತೆಗೆದಳು. ‘ಇದು ಮಳೇಲಿ ನೆಂದ ರಟ್ಟಿನ ಡಬ್ಬ ಕಣ್ರೀ. ಮೇಲೊಂದಿಷ್ಟು ಜೇನು ಸವರಿದ ಹಾಗೆ.’

ಬಿಯರ್ ತೀರ್ಪುಗಾರರಾಗಲು ತರಬೇತಿ ಪಡೆಯುವವರು ವಾರಗಟ್ಟಲೆ ಕಲಿಯುವ ಎರಡು ಪಾಠಗಳನ್ನು ಅವಳು ಅರ್ಧ ನಿಮಿಷದಲ್ಲಿ ಒಪ್ಪಿಸಿದ್ದಳು. ಚಕ್ಕೋತದ ವಾಸನೆ ತಾಜಾ ಹಾಪ್ಸ್ ಹೂವಿನದು. ಒದ್ದೆ ರಟ್ಟಿನದು ಹಳತಾದ ಬಿಯರಿನದು. ಬಾಟಲಿಯೊಳಗೆ ಸೇರಿಕೊಂಡ ಚೂರು ಆಮ್ಲಜನಕ, ಅದರ ಜೊತೆಗೆ ಸೆಕೆ, ಇವೆರಡರಿಂದ ಹುಟ್ಟುವ ಟ್ರಾನ್ಸ್-2-ನೊನೆನಾಲ್ ಎಂಬ ವಸ್ತು ಅದಕ್ಕೆ ಕಾರಣ. ಒಂದು ಲೀಟರಿನಲ್ಲಿ ಒಂದು ಗ್ರಾಮಿನ ಕೋಟಿಯಲ್ಲೊಂದು ಪಾಲಿನಷ್ಟಿದ್ದರೂ ಸಾಕು, ಮನುಷ್ಯರ ಮೂಗು ಅದನ್ನು ಹೆಚ್ಚುಕಡಿಮೆ ಹಿಡಿದುಬಿಡುತ್ತದೆ.

ಐಪಿಎ ಎಂದು ಎಲ್ಲರೂ ಕರೆಯುವ ಈ ಬಿಯರಿನ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ಮೊದಲ ಸಲ ಕುಡಿದವರದು, ‘ಅಯ್ಯೋ, ಕಹಿ!’ ಅಭಿಮಾನಿಗಳದು, ಕಹಿ ಹೆಚ್ಚಿದಷ್ಟೂ ಒಳ್ಳೆಯದು. ಎರಡನ್ನೂ ನಾನು ಒಪ್ಪುವುದಿಲ್ಲ. ಕಹಿ ಎಷ್ಟಿದೆ ಎಂದು ಅಳೆಯಲು ಪ್ರಯೋಗಾಲಯದಲ್ಲಿ ಯಂತ್ರವಿದೆ. ಆ ಕಹಿ ಯಾವುದರ ಜೊತೆ ಬರುತ್ತದೆ, ಗಂಟಲಿಳಿದ ಮೇಲೆ ಹೇಗೆ ಬಿಟ್ಟುಹೋಗುತ್ತದೆ ಎಂಬುದನ್ನು ನಾಲಿಗೆಯೇ ಹೇಳಬೇಕು. ಹಾಗಲಕಾಯಿ ಗೊಜ್ಜು ಉಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಲ್ಲ, ಹುಣಸೆಹಣ್ಣು ಹಾಕುವುದು ಕಹಿಯನ್ನು ಇಲ್ಲವಾಗಿಸಲಿಕ್ಕಲ್ಲ, ಅದನ್ನು ಹೊತ್ತು ನಿಲ್ಲಿಸಲಿಕ್ಕೆ. ಕಹಿಯೇ ಇಲ್ಲದ ಗೊಜ್ಜನ್ನು ಯಾರೂ ಮೆಚ್ಚುವುದಿಲ್ಲ, ಊಟ ಮುಗಿದ ಮೇಲೂ ನಾಲಿಗೆಗೆ ಅಂಟಿಕೊಂಡಿರುವ ಕಹಿಯನ್ನೂ ಮೆಚ್ಚುವುದಿಲ್ಲ.

ಹೆಸರಿನಲ್ಲಿ ‘ಇಂಡಿಯಾ’ ಹೇಗೆ ಬಂತು? ಪಬ್‌ಗಳ ಮೆನು ಕಾರ್ಡುಗಳಲ್ಲಿ ಒಂದೇ ಕತೆ ಇರುತ್ತದೆ: ಲಂಡನ್ನಿನ ಜಾರ್ಜ್ ಹಾಡ್ಜ್‌ಸನ್ ಎಂಬಾತ ಭಾರತದ ದಾರಿಯಲ್ಲಿ ಕೆಡದಿರಲೆಂದು ಹಾಪ್ಸ್ ಸುರಿದು ಹೊಸ ಬಿಯರನ್ನೇ ಕಂಡುಹಿಡಿದ. ಬ್ರಿಟನ್ನಿನ ಬಿಯರ್ ಇತಿಹಾಸಕಾರ ಮಾರ್ಟಿನ್ ಕಾರ್ನೆಲ್ ಹಳೆಯ ಪತ್ರಿಕೆ, ದಾಖಲೆಗಳನ್ನು ಜಾಲಾಡಿ ತೋರಿಸಿದ್ದು ಬೇರೆ. ಬಿಸಿ ದೇಶಕ್ಕೆ ಕಳಿಸುವ ಬಿಯರಿಗೆ ಹಾಪ್ಸ್ ಜಾಸ್ತಿ ಹಾಕಿ ಎಂಬ ಸಲಹೆ 1760ರ ದಶಕದಲ್ಲೇ ಇತ್ತು. ಭಾರತಕ್ಕೆ ಬರುತ್ತಿದ್ದುದು ಪೇಲ್ ಏಲ್ ಒಂದೇ ಅಲ್ಲ. ಸಾಮಾನ್ಯ ಸೈನಿಕರು ಕುಡಿಯುತ್ತಿದ್ದ ಕಪ್ಪು ಪೋರ್ಟರ್ ಕೂಡ ಹಡಗುಗಟ್ಟಲೆ ಬರುತ್ತಿತ್ತು, ಕೆಡದೆ ಬರುತ್ತಿತ್ತು. ಹಾಡ್ಜ್‌ಸನ್‌ಗೆ ಇದ್ದ ಅನುಕೂಲ ಜಾಗದ್ದು. ಅವನ ಬೋ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್‌ಗೆ ಹತ್ತಿರವಿತ್ತು. ಹಡಗಿನ ಕಪ್ತಾನರಿಗೆ ಅವನು ಉದ್ದನೆಯ ಸಾಲದ ಮೇಲೆ ಪೀಪಾಯಿ ಕೊಡುತ್ತಿದ್ದ.

ಮುಂದೆ ಆ ಮನೆತನ ಕಪ್ತಾನರನ್ನೇ ಬದಿಗೆ ಸರಿಸಿ ತಾನೇ ವ್ಯಾಪಾರ ಹಿಡಿಯಲು ಹೋಯಿತು. ಆಗ ಕಂಪನಿಯ ನಿರ್ದೇಶಕ ಕ್ಯಾಂಪ್‌ಬೆಲ್ ಮಾರ್ಜೋರಿಬ್ಯಾಂಕ್ಸ್ ಬರ್ಟನ್ ಊರಿನ ಬ್ರೂವರ್ ಸ್ಯಾಮ್ಯುಯೆಲ್ ಆಲ್ಸಾಪ್‌ನನ್ನು ಹಿಡಿದ. 1822ರಲ್ಲಿ ಆಲ್ಸಾಪ್‌ನ ಮಾಲ್ಟ್ ತಯಾರಕ ಜಾಬ್ ಗುಡ್‌ಹೆಡ್ ಮಾದರಿ ಬಿಯರನ್ನು ಟೀ ಪಾತ್ರೆಯಲ್ಲಿ ಮಾಡಿ ತೋರಿಸಿದ ಎಂಬುದು ಆ ಊರಿನವರು ಇಂದಿಗೂ ಹೇಳುವ ಮಾತು. ಬರ್ಟನ್‌ನ ಬಾವಿ ನೀರಿನಲ್ಲಿ ಜಿಪ್ಸಮ್ ವಿಪರೀತ. ಜಿಪ್ಸಮ್ಮಿನ ಸಲ್ಫೇಟ್ ಹಾಪ್ಸ್‌ನ ಕಹಿಗೆ ಒಣ, ಚುರುಕು ಗುಣ ಕೊಡುತ್ತದೆ. ಅದಕ್ಕೇ ಇವತ್ತಿಗೂ ಜಗತ್ತಿನ ಎಷ್ಟೋ ಕಡೆ ಐಪಿಎ ಮಾಡುವವರು ನೀರಿಗೆ ಜಿಪ್ಸಮ್ ಬೆರೆಸುತ್ತಾರೆ. ‘ಈಸ್ಟ್ ಇಂಡಿಯಾ ಪೇಲ್ ಏಲ್’ ಎಂಬ ಹೆಸರು 1829ರಲ್ಲಿ ಸಿಡ್ನಿಯ ಪತ್ರಿಕೆಯೊಂದರ ಜಾಹೀರಾತಿನಲ್ಲಿ ಕಾಣಿಸಿಕೊಂಡಿತು. ಹೆಸರು ನಮ್ಮದು, ಅಚ್ಚಾಗಿದ್ದು ಆಸ್ಟ್ರೇಲಿಯಾದಲ್ಲಿ.

ಇಂಗ್ಲೆಂಡಿನಿಂದ ಭಾರತಕ್ಕೆ ನಾಲ್ಕರಿಂದ ಆರು ತಿಂಗಳ ಹಡಗಿನ ಪ್ರಯಾಣ, ಎರಡು ಸಲ ಸಮಭಾಜಕ ವೃತ್ತ ದಾಟಬೇಕು, ಕೆಳಗಿನ ಅಟ್ಟಣೆಯಲ್ಲಿ ಪೀಪಾಯಿಗಳು ಹೊರಳಾಡಬೇಕು. ಆ ಬಿಯರ್ ಕಲ್ಕತ್ತ ಮುಟ್ಟುವಾಗ ಹಣ್ಣಾಗಿರುತ್ತಿತ್ತು. ಹೂವಿನ ಘಮ ಹೋಗಿ, ಕಹಿ ಮೆದುವಾಗಿ, ಮರದೊಳಗಿನ ಕಾಡು ಯೀಸ್ಟ್ ಅದಕ್ಕೆ ಬೇರೆಯೇ ಗುಣ ಕೊಟ್ಟಿರುತ್ತಿತ್ತು. ಇಂದು ನಮ್ಮ ಗ್ಲಾಸಿನಲ್ಲಿರುವ ಐಪಿಎ ಆ ಬಿಯರಿನ ಹೆಸರನ್ನಷ್ಟೇ ಹೊತ್ತುಕೊಂಡಿದೆ. ಗುಣದಲ್ಲಿ ಅದು ಅಮೆರಿಕದ ಪಶ್ಚಿಮ ಕರಾವಳಿಯ ಕೂಸು. 1972ರಲ್ಲಿ ಒರೆಗಾನ್‌ನಿಂದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿ ಹೊರಬಂತು. ಸ್ಯಾನ್ ಫ್ರಾನ್ಸಿಸ್ಕೊದ ಆಂಕರ್ ಬ್ರೂವರಿ 1975ರಲ್ಲಿ, ಸಿಯೆರಾ ನೆವಾಡಾ 1980ರಲ್ಲಿ ಅದನ್ನು ಧಾರಾಳವಾಗಿ ಬಳಸಿದವು. ಇಂಗ್ಲಿಷರ ಹಾಪ್ಸ್‌ನದು ಮಣ್ಣಿನ, ಸೊಪ್ಪಿನ ವಾಸನೆಯಾದರೆ ಇದರದು ಹುಳಿ ಹಣ್ಣಿನ ಸಿಪ್ಪೆಯ ವಾಸನೆ. ಅಲ್ಲಿಂದ ಮುಂದೆ ಐಪಿಎ ಎಂದರೆ ಘಮ ಎಂದಾಯಿತು. ಘಮ ಎಂದಾದ ಮೇಲೆ ತಾಜಾತನವೇ ಅದರ ಜೀವ. ದೂರ ಪ್ರಯಾಣದ ಹೆಸರು ಹೊತ್ತ ಬಿಯರ್ ಈಗ ತಣ್ಣಗಿಟ್ಟರೂ ಮೂರು ತಿಂಗಳಿಗೆ ಸೊರಗುತ್ತದೆ. ಕ್ಯಾಲಿಫೋರ್ನಿಯಾದ ಸ್ಟೋನ್ ಬ್ರೂವಿಂಗ್ ತನ್ನ ಒಂದು ಐಪಿಎಗೆ ‘ಇಂಥ ದಿನದೊಳಗೆ ಕುಡಿಯಿರಿ’ ಎಂಬ ತಾರೀಖನ್ನೇ ಹೆಸರಾಗಿ ಇಟ್ಟಿತು. ಆ ಗಡುವು ಸುಮಾರು ಐದು ವಾರ.

ಮಾಡುವ ಬಗೆ ತಿಳಿದರೆ ರುಚಿ ನೋಡುವುದು ಸುಲಭ. ಮಾಲ್ಟ್ ನಮಗೆ ಹೊಸತಲ್ಲ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿದ ರಾಗಿ ಮಾಲ್ಟ್ ಕುಡಿದವರಿಗೆ ಆ ಸಿಹಿ ಗೊತ್ತು. ಇಲ್ಲಿ ರಾಗಿಯ ಬದಲು ಬಾರ್ಲಿ. ಅದರ ಸಿಹಿ ನೀರನ್ನು ಕುದಿಸುವಾಗ ಹಾಪ್ಸ್ ಹಾಕಿದರೆ, ಹೂವಿನ ಹಳದಿ ಪುಡಿಯಲ್ಲಿರುವ ಆಲ್ಫಾ ಆಮ್ಲಗಳು ರೂಪ ಬದಲಿಸಿ ಕಹಿಯಾಗುತ್ತವೆ. ಹೆಚ್ಚು ಹೊತ್ತು ಕುದಿಸಿದರೆ ಕಹಿ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ, ಘಮ ಆವಿಯಾಗಿ ಹೋಗುತ್ತದೆ. ಹಾಗಾಗಿ ಘಮದ ಹಾಪ್ಸ್ ಹಾಕುವುದು ಕೊನೆಗೆ, ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಉದುರಿಸಿದ ಹಾಗೆ. ಯೀಸ್ಟಿನಿಂದ ಹುಳಿಯುವುದು ಮುಗಿದ ಮೇಲೆ ತಣ್ಣನೆಯ ಬಿಯರಿಗೇ ಇನ್ನೊಂದಿಷ್ಟು ಹಾಕಿ ನೆನೆಸುವುದಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ.

ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿಲ್ಲ. ಬ್ರೂವರ್ ಹುಡುಗ ಉಕ್ಕಿನ ಟ್ಯಾಂಕಿನ ಪಕ್ಕದ ಪುಟ್ಟ ನಲ್ಲಿ ತಿರುಗಿಸಿ ಅರ್ಧ ಗ್ಲಾಸು ಹಿಡಿದ. ‘ಹಾಪ್ಸ್ ಹಾಕಿ ಆರು ದಿನ ಆಯ್ತು ಸಾರ್. ಮೊದಲು ಮೂಸಿ. ಕುಡಿಯೋದು ಆಮೇಲೆ.’

ಅವನು ಹೇಳಿದ್ದೇ ಸರಿಯಾದ ಕ್ರಮ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ ಒಟ್ಟು 50 ಅಂಕಗಳ ಪಟ್ಟಿಯೊಂದನ್ನು ಬಳಕೆಗೆ ತಂದಿದೆ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ಬಗೆಗೆ 5, ಒಟ್ಟಂದಕ್ಕೆ 10. ನೋಟಕ್ಕೆ ಮೂರೇ ಅಂಕ ಎಂಬುದನ್ನು ಗಮನಿಸಿ. ಫೋಟೊ ತೆಗೆಯುವ ಗಡಿಬಿಡಿಯಲ್ಲಿ ನಾವು ಹೆಚ್ಚು ಹೊತ್ತು ಕಳೆಯುವುದು ಆ ಮೂರಂಕದ ಮೇಲೆಯೇ.

ಗ್ಲಾಸು ತೀರಾ ತಣ್ಣಗಿರಬಾರದು. 7ರಿಂದ 10 ಡಿಗ್ರಿ ಸೆಲ್ಸಿಯಸ್ ಸಾಕು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಕುಡಿದರೆ ಘಮವೂ ಏಳುವುದಿಲ್ಲ, ದೋಷವೂ ಗೊತ್ತಾಗುವುದಿಲ್ಲ. ಬಾಯಿ ಸಪ್ಪೆಯಾಗಿರಬೇಕು. ಗೋಬಿ ಮಂಚೂರಿಯ ಮೇಲೆ ಐಪಿಎ ತೂಗುವುದು ಸಾಧ್ಯವಿಲ್ಲದ ಮಾತು. ಒಂದು ಗುಟುಕು ನೀರು, ಒಂದು ಚೂರು ಬ್ರೆಡ್ಡು ಇದ್ದರೆ ಆಯಿತು. ಸುರಿದ ಕೂಡಲೇ ಮೂಗನ್ನು ಗ್ಲಾಸಿನ ಬಾಯಿಗೆ ತಂದು ಎರಡು ಮೂರು ಸಲ ಸಣ್ಣಗೆ ಎಳೆದುಕೊಳ್ಳಬೇಕು. ಮೊದಲು ಹಾರಿಹೋಗುವ ವಾಸನೆಗಳು ಆ ಮೊದಲ ಕ್ಷಣದಲ್ಲಿ ಮಾತ್ರ ಸಿಗುತ್ತವೆ. ಆಮೇಲೆ ಅಂಗೈಯಿಂದ ಗ್ಲಾಸಿನ ಬಾಯಿ ಮುಚ್ಚಿ, ಒಮ್ಮೆ ಸುತ್ತಾಡಿಸಿ, ಮತ್ತೆ ಮೂಸಬೇಕು.

ಆ ಅರ್ಧ ಗ್ಲಾಸಿನಲ್ಲಿ ನನಗೆ ಮೊದಲು ಸಿಕ್ಕಿದ್ದು ಚಕ್ಕೋತ. ಅಮೆರಿಕದ ತೀರ್ಪುಗಾರರು ಗ್ರೇಪ್‌ಫ್ರೂಟ್ ಎಂದು ಬರೆಯುವ ಜಾಗ ಅದು. ನಮ್ಮಲ್ಲಿ ಆ ಹಣ್ಣು ತಿಂದವರು ಕಡಿಮೆ. ತಿನ್ನಬೇಕಾಗಿಯೂ ಇಲ್ಲ: ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಭೌಗೋಳಿಕ ಗುರುತು ಪಡೆದ ದೇವನಹಳ್ಳಿಯ ಚಕ್ಕೋತ ಬೆಳೆಯುವುದು ಇಲ್ಲೇ, ವಿಮಾನ ನಿಲ್ದಾಣದ ಮಗ್ಗುಲಲ್ಲಿ. ಚಕ್ಕೋತದ ಹಿಂದೆಯೇ ಇನ್ನೊಂದು ವಾಸನೆ, ಕೊಂಚ ಘಾಟು. ಹೆಸರು ಹೊಳೆಯಲು ಅರ್ಧ ನಿಮಿಷ ಬೇಕಾಯಿತು. ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ! ಇದು ಬರೀ ಕಲ್ಪನೆಯಲ್ಲ. ಹಾಪ್ಸ್‌ನಲ್ಲಿರುವ ಮಿರ್ಸಿನ್ ಎಂಬ ಎಣ್ಣೆಯ ಅಂಶ ಮಾವಿನಲ್ಲೂ ಇದೆ, ಮಜ್ಜಿಗೆ ಹುಲ್ಲಿನಲ್ಲೂ ಇದೆ. ತೀರ್ಪುಗಾರರು ಪೈನ್ ಮರದ ಅಂಟು ಎಂದು ಬರೆಯುವ ಕಡೆ ನಾವು ಧೂಪದ ರಾಳ ಎಂದು ಬರೆದುಕೊಳ್ಳಬಹುದು. ಸಿಟ್ರಾ, ಸಿಮ್ಕೋ ತಳಿಗಳಲ್ಲಿ ಬರುವ ವಾಸನೆ ಹಣ್ಣಾದ ಸೀಬೆಯದು. ನಮ್ಮ ಮೂಗಿನಲ್ಲಿ ಏನಿದೆಯೋ ಅದನ್ನೇ ಬರೆಯಬೇಕು. ಕಂಡಿಲ್ಲದ ಹಣ್ಣಿನ ಹೆಸರು ಬರೆದರೆ ಅದು ಬಾಯಿಪಾಠ.

ವಾಸನೆಗೆ ಹನ್ನೆರಡಕ್ಕೆ ಹತ್ತು ಅಂಕ ಕೊಟ್ಟೆ.

ನೋಟ: ತಾಮ್ರದ ಹೊಸ ಚೊಂಬಿನ ಬಣ್ಣ, ಕೊಂಚ ಮಬ್ಬು, ಬಿಳಿ ನೊರೆ. ಮಬ್ಬು ದೋಷವಲ್ಲ. ವರ್ಮಾಂಟ್ ಕಡೆಯಿಂದ ಬಂದ ಹೇಜಿ ಐಪಿಎ ಕಿತ್ತಳೆ ರಸದಂತೆ ಮಬ್ಬಾಗಿಯೇ ಇರಬೇಕು. ಯಾವ ಜಾತಿಯ ಬಿಯರ್ ಎಂದು ಕೇಳಿಕೊಂಡು ಆ ಜಾತಿಯ ಅಳತೆಯಲ್ಲೇ ತೂಗುವುದು ತೀರ್ಪುಗಾರನ ಮೊದಲ ಧರ್ಮ. ಆದರೆ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಗ್ಲಾಸಿನಲ್ಲಿ ಜಿಡ್ಡೋ ಸೋಪೋ ಉಳಿದಿದೆ ಎಂದರ್ಥ. ಈ ಗ್ಲಾಸಿನಲ್ಲಿ ಒಂದು ಕಡೆ ಅಂಟಿದ್ದವು. ಮೂರಕ್ಕೆ ಎರಡು.

ಇನ್ನು ರುಚಿ. ವೈನ್ ಪರೀಕ್ಷಕರು ಉಗುಳುತ್ತಾರೆ, ಬಿಯರ್ ತೀರ್ಪುಗಾರರು ಸಾಮಾನ್ಯವಾಗಿ ನುಂಗುತ್ತಾರೆ. ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಟ್ಟರೆ ಗಂಟಲ ಹಿಂದಿನಿಂದ ಮೂಗಿಗೇರುವ ಘಮ ಬೇರೆಯೇ ಇರುತ್ತದೆ. ನಾಲಿಗೆಯ ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ಶಾಲೆಯಲ್ಲಿ ಬರೆಸಿದ ಚಿತ್ರ ತಪ್ಪು. ಕಹಿಯನ್ನು ಗುರುತಿಸುವ ಸುಮಾರು 25 ಬಗೆಯ ಗ್ರಾಹಿಗಳು ನಮ್ಮಲ್ಲಿವೆ, ನಾಲಿಗೆಯ ಎಲ್ಲ ಭಾಗವೂ ಕಹಿ ಅರಿಯುತ್ತದೆ. ಆದರೂ ಕಹಿ ನಿಧಾನಿ. ಮೊದಲು ಬಂದದ್ದು ಮಾಲ್ಟಿನ ಸಿಹಿ, ಬ್ರೆಡ್ಡಿನ ಕಂದು ಅಂಚಿನ ಹಾಗೆ. ಅದು ಇಳಿಯುತ್ತಿದ್ದಂತೆ ಕಹಿ ಏರಿತು. ನುಂಗಿದ ಮೇಲೂ ಎರಡು ಮೂರು ಉಸಿರಿನಷ್ಟು ಹೊತ್ತು ಏರುತ್ತಲೇ ಇತ್ತು.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಕಹಿ ಬೇರೆ, ಒಗರು ಬೇರೆ ಎಂದು ನಮಗೆ ಚಿಕ್ಕಂದಿನಿಂದ ಗೊತ್ತು. ಹಾಗಲ ಕಹಿ; ಅಡಿಕೆ, ಬಾಳೆಕಾಯಿ, ನೇರಳೆ ಒಗರು. ಕಹಿ ರುಚಿ, ಒಗರು ಹಿಡಿತ. ಬಾಯಿ ಒಣಗಿಸಿ, ಕೆನ್ನೆಯ ಒಳಗೋಡೆಯನ್ನು ಹಿಂಡುವುದು ಒಗರು. ಐಪಿಎಯಲ್ಲಿ ಹಾಪ್ಸ್ ಅತಿಯಾದರೆ, ಹೆಚ್ಚು ದಿನ ನೆನೆದರೆ, ಎಲೆ ಮತ್ತು ಹೂಪಕಳೆಯ ಪಾಲಿಫೀನಾಲ್‌ಗಳು ಬಿಟ್ಟುಕೊಂಡು ಒಗರು ಬರುತ್ತದೆ. ‘ಸಿಕ್ಕಾಪಟ್ಟೆ ಕಹಿ’ ಎಂದು ಜನ ಗ್ಲಾಸು ದೂರ ತಳ್ಳುವಾಗ ಎಷ್ಟೋ ಸಲ ಅವರು ದೂರುತ್ತಿರುವುದು ಈ ಒಗರನ್ನು. ಅಂಥ ಗ್ಲಾಸು ಮುಂದೆ ಬಂದಾಗ, ನುಂಗಿದ ಮೇಲೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ನೋಡಿ. ಜೊಲ್ಲೂರಿದರೆ ಕಹಿ ಶುದ್ಧವಾಗಿದೆ. ನಾಲಿಗೆ ಅಂಗುಳಕ್ಕೆ ಕಚ್ಚಿಕೊಂಡರೆ ಒಗರು ಸೇರಿದೆ.

ಕಹಿಯ ಅಳತೆಗೆ ಐಬಿಯು ಎಂಬ ಮಾನವಿದೆ. ಹೆಚ್ಚುಕಡಿಮೆ ಒಂದು ಲೀಟರಿನಲ್ಲಿರುವ ಕಹಿ ಆಮ್ಲದ ಮಿಲಿಗ್ರಾಂ ಲೆಕ್ಕ ಅದು. ಅಮೆರಿಕನ್ ಐಪಿಎಗೆ 40ರಿಂದ 70 ಎಂದು ತೀರ್ಪುಗಾರರ ಕೈಪಿಡಿ ಹೇಳುತ್ತದೆ, ಮದ್ಯಾಂಶ ಶೇ 5.5ರಿಂದ 7.5. ಮೆನುವಿನಲ್ಲಿ ಈ ಅಂಕಿಯನ್ನು ದೊಡ್ಡದಾಗಿ ಬರೆಯುವುದು ನನಗೆ ಸರಿಕಾಣುವುದಿಲ್ಲ. ಮಾಲ್ಟ್ ದಂಡಿಯಾಗಿರುವ 65ರ ಬಿಯರ್, ತೆಳ್ಳಗಿನ 45ರದ್ದಕ್ಕಿಂತ ಮೆದುವಾಗಿರಬಲ್ಲದು. ನಾನು ಕುಡಿಯುತ್ತಿದ್ದದ್ದರಲ್ಲಿ ಕಹಿ ಹತ್ತು ಹನ್ನೆರಡು ಸೆಕೆಂಡಿಗೆ ಇಳಿಯತೊಡಗಿತು, ಹೋಗುವಾಗ ಚಕ್ಕೋತದ ಸಿಪ್ಪೆಯ ಘಮವನ್ನು ಬಿಟ್ಟುಹೋಯಿತು. ಕೊನೆಯಲ್ಲಿ ಚೂರು ಒಗರು ಉಳಿಯಿತು. ಅದಕ್ಕಾಗಿ ಕಳೆದು, ಇಪ್ಪತ್ತಕ್ಕೆ ಹದಿನೈದು. ಬಾಯಲ್ಲಿ ಕೂರುವ ಬಗೆಗೆ ನಾಲ್ಕು. ಒಟ್ಟಂದಕ್ಕೆ ಎಂಟು, ಏಕೆಂದರೆ ಕೈ ತಾನಾಗಿ ಇನ್ನೊಂದು ಗುಟುಕಿಗೆ ಹೋಯಿತು. ಒಟ್ಟು 39. ಆ ಪಟ್ಟಿಯ ಪ್ರಕಾರ 38ರಿಂದ 44 ಎಂದರೆ ಅತ್ಯುತ್ತಮ.

ಅದೇ ತಿಂಗಳು ಬೇರೊಂದು ಪಬ್ಬಿನಲ್ಲಿ ಬಂದ ಐಪಿಎ ಗ್ಲಾಸು ಸಿನಿಮಾ ಮಂದಿರದ ಪಾಪ್‌ಕಾರ್ನಿನಂತೆ ಬೆಣ್ಣೆ ವಾಸನೆ ಹೊಡೆಯುತ್ತಿತ್ತು. ನಾಲಿಗೆಯ ಮೇಲೆ ಜಿಡ್ಡು. ಕೇಳಿದರೆ, ‘ಅದು ಕ್ಯಾರಮೆಲ್ ಮಾಲ್ಟ್ ಸಾರ್’ ಎಂಬ ಉತ್ತರ. ಅಲ್ಲ, ಅದು ಡೈಅಸೆಟೈಲ್. ಯೀಸ್ಟ್ ಅದನ್ನು ಹುಟ್ಟಿಸುತ್ತದೆ, ಬಿಡುವು ಕೊಟ್ಟರೆ ತಾನೇ ತಿಂದು ತೀರಿಸುತ್ತದೆ. ಡ್ರೈ ಹಾಪಿಂಗ್ ಮಾಡಿದ ಬಿಯರಿನಲ್ಲಿ ಇನ್ನೂ ಎಚ್ಚರ ಬೇಕು: ಹಾಪ್ಸ್‌ನಲ್ಲಿರುವ ಕಿಣ್ವಗಳು ಉಳಿದ ಪಿಷ್ಟದ ತುಣುಕುಗಳನ್ನು ಸಕ್ಕರೆಯಾಗಿಸುತ್ತವೆ, ಯೀಸ್ಟ್ ಮತ್ತೆ ಏಳುತ್ತದೆ, ಬೆಣ್ಣೆ ಮತ್ತೆ ಹುಟ್ಟುತ್ತದೆ. ವಾರಾಂತ್ಯದ ಗಿರಾಕಿಗಳಿಗಾಗಿ ಟ್ಯಾಂಕನ್ನು ಎರಡು ಮೂರು ದಿನ ಮುಂಚೆ ತೆರೆದರೆ ಆಗುವುದು ಇದೇ. ಯೀಸ್ಟಿಗೆ ಕೊಡಬೇಕಾದ ಸಮಯವನ್ನು ಕದ್ದು ಗಿರಾಕಿಯಿಂದ ಪೂರ್ತಿ ದುಡ್ಡು ತೆಗೆದುಕೊಂಡರು ಎಂಬುದು ನನ್ನ ದೂರು. ಇನ್ನುಳಿದ ದೋಷಗಳನ್ನೂ ನಮ್ಮ ಮಾತಿನಲ್ಲೇ ಗುರುತಿಡಬಹುದು. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಕುದಿ ಸಾಲದು. ಹಳಸಿದ ಚೀಸಿನ ಕಮಟು ಬಂದರೆ ಹಾಪ್ಸ್ ಹಳೆಯದು. ಬಿಸಿಲಿಗೆ ಇಟ್ಟ ಹಸಿರು ಬಾಟಲಿಯ ನಾತಕ್ಕೆ ಕಾರಣ ಬೆಳಕು, ಕಂದು ಬಾಟಲಿ ಇರುವುದೇ ಅದನ್ನು ತಡೆಯಲು.

ಹಾಪ್ಸ್ ನಮ್ಮ ನೆಲದ್ದಲ್ಲ. ಆ ಬಳ್ಳಿಗೆ ಬೇಸಿಗೆಯಲ್ಲಿ ಉದ್ದನೆಯ ಹಗಲು ಬೇಕು. ಬೆಂಗಳೂರಿನಲ್ಲಿ ಅತಿ ದೀರ್ಘ ಹಗಲು ಹದಿಮೂರು ಗಂಟೆಯ ಹತ್ತಿರ ಬಂದು ನಿಲ್ಲುತ್ತದೆ. ಭಾರತದಲ್ಲಿ ಅದು ಮುಖ್ಯವಾಗಿ ಬೆಳೆದಿರುವುದು ಹಿಮಾಚಲದ ಲಾಹುಲ್‌ನಲ್ಲಿ. ಇಲ್ಲಿನ ಬ್ರೂವರಿಗಳು ಹೆಚ್ಚಾಗಿ ಹೊರದೇಶದ ಹಾಪ್ಸ್ ಗುಳಿಗೆಗಳನ್ನು ತರಿಸಿ ತಣ್ಣಗಿಡುತ್ತವೆ. ಆದರೆ ಬಿಯರ್ ಮಾತ್ರ ಇಲ್ಲಿಯದೇ. 1915ರಲ್ಲಿ ಯುನೈಟೆಡ್ ಬ್ರೂವರೀಸ್ ಹುಟ್ಟಿತು; ಮುಂದೆ ದಶಕಗಳ ಕಾಲ ಬೆಂಗಳೂರಿಗೆ ಬಿಯರ್ ಎಂದರೆ ಕಹಿ ಕಡಿಮೆಯ ಲಾಗರ್ ಆಗಿತ್ತು. 2010ರ ಸುಮಾರಿಗೆ ಇಂದಿರಾನಗರದಲ್ಲಿ ಟೋಯಿಟ್, ಮರುವರ್ಷ ಲ್ಯಾವೆಲ್ ರಸ್ತೆಯಲ್ಲಿ ಬಿಯರ್ ಕ್ಲಬ್, 2012ರಲ್ಲಿ ಅಮೆರಿಕದ ಆನ್ ಆರ್ಬರ್ ಊರಿನ ನಂಟು ಹೊತ್ತ ಆರ್ಬರ್ ಬ್ರೂವಿಂಗ್ ಬಂದ ಮೇಲೆ ಬಿಯರ್ ಕುದಿಯುವುದು ನಾವು ಕೂತ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ. ಇದು ಸಣ್ಣ ಭಾಗ್ಯವಲ್ಲ. ಆರು ತಿಂಗಳ ಸಮುದ್ರ ದಾಟಿ ಕಲ್ಕತ್ತೆಯ ಸಾಹೇಬನ ಗ್ಲಾಸಿಗೆ ಬಾರದ ತಾಜಾತನ ಬೆಂಗಳೂರಿನ ಗ್ಲಾಸಿಗೆ ಸಿಗುತ್ತಿದೆ.

ಮನೆಯಲ್ಲಿ ಅಭ್ಯಾಸ ಮಾಡುವುದಾದರೆ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ 1940ರ ದಶಕದಲ್ಲಿ ರೂಪುಗೊಂಡ ತ್ರಿಕೋನ ಪರೀಕ್ಷೆ ಮಾಡಿ ನೋಡಿ. ಮೂರು ಗ್ಲಾಸು, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಎಂದಷ್ಟೇ ಹೇಳಬೇಕು. ಊಹೆಯಿಂದ ಹೇಳಿದರೆ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಆರೇಳು ಸಲ ಮಾಡಬೇಕು. ಒಂದು ಗ್ಲಾಸಿಗೆ 50 ಮಿಲಿಲೀಟರ್ ಧಾರಾಳ. ಮಾಡುವ ದಿನ ಗಾಡಿಯ ಬೀಗದಕೈ ಇನ್ನೊಬ್ಬರ ಕೈಯಲ್ಲಿರಲಿ.

ಪಬ್ಬಿನಲ್ಲಿಯಾದರೆ ಐಬಿಯು ಎಷ್ಟು ಎಂದು ಕೇಳಬೇಡಿ. ‘ಇದಕ್ಕೆ ಹಾಪ್ಸ್ ಹಾಕಿದ್ದು ಯಾವತ್ತು?’ ಎಂದು ಕೇಳಿ. ತಾರೀಖು ಹೇಳಬಲ್ಲವರಿದ್ದರೆ ಅಲ್ಲೇ ಕೂರಿ. ಗ್ಲಾಸಿನಲ್ಲಿ ಬೆಣ್ಣೆಯೋ ಒದ್ದೆ ರಟ್ಟೋ ಮೂಗಿಗೆ ಬಡಿದರೆ ಸಂಕೋಚ ಬಿಟ್ಟು ವಾಪಸು ಕಳಿಸಿ.